ಗಣಿ ಊರಿನ ಚರ್ಚಿನ ಚರಿತ್ರೆ ಕಟ್ಟುವ ಬಗೆ: ಕೆಜಿಎಫ್ ಧರ್ಮಕೇಂದ್ರಗಳಿಗೊಂದು ಕೈಪಿಡಿ

ಶತಮಾನೋತ್ಸವದ ಸ್ಮರಣ ಸಂಚಿಕೆ ತರಬೇಕೆಂದು ಸಮಿತಿ ಕೂತರೆ ಮೊದಲ ಜಗಳ ಇಸವಿಯದ್ದೇ. ಒಬ್ಬರು ಗೋಡೆಯ ಕಲ್ಲು ತೋರಿಸುತ್ತಾರೆ, ಇನ್ನೊಬ್ಬರು ಗಂಟೆಯ ಮೇಲಿನ ಅಂಕಿ ಓದುತ್ತಾರೆ, ಮೂರನೆಯವರಿಗೆ ತಾತ ಹೇಳಿದ್ದೇ ವೇದವಾಕ್ಯ. ಎಷ್ಟೋ ಸಲ ಮೂವರ ಮಾತೂ ಸರಿಯಾಗಿರುತ್ತದೆ. ಚರ್ಚಿಗೆ ಒಂದೇ ಹುಟ್ಟುದಿನ ಇರುವುದಿಲ್ಲ. ಊರಿನಲ್ಲಿ ಮೊದಲ ಬಲಿಪೂಜೆ (ಮಾಸ್) ನಡೆದ ದಿನ, ತಟ್ಟಿಯದೋ ತಗಡಿನದೋ ಮೊದಲ ಪ್ರಾರ್ಥನಾ ಮಂದಿರ ಎದ್ದ ದಿನ, ಸ್ವಂತ ದಾಖಲೆ ಪುಸ್ತಕ ತೆರೆದ ದಿನ, ಧರ್ಮಾಧ್ಯಕ್ಷರು (ಬಿಷಪ್) ಅದನ್ನು ಸ್ವತಂತ್ರ ಧರ್ಮಕೇಂದ್ರವೆಂದು (ಪ್ಯಾರಿಷ್) ಘೋಷಿಸಿದ ದಿನ, ಈಗಿನ ಕಟ್ಟಡಕ್ಕೆ ಆಶೀರ್ವಾದವಾದ ದಿನ, ಹೀಗೆ ಐದಾದರೂ ಇರುತ್ತವೆ. ಮೊದಲ ಮಂದಿರಕ್ಕೂ ಈಗಿನ ಕಟ್ಟಡಕ್ಕೂ ನಡುವೆ ಹತ್ತಿಪ್ಪತ್ತು ವರ್ಷಗಳ ಅಂತರವಿದ್ದರೆ ಆಶ್ಚರ್ಯವಿಲ್ಲ. ಆದ್ದರಿಂದ ಮೊದಲ ಹಾಳೆಯಲ್ಲಿ ಐದು ಸಾಲು ಎಳೆದು ಐದನ್ನೂ ಬೇರೆಬೇರೆ ಬರೆದಿಡಿ. ಯಾವುದಕ್ಕೆ ಪುರಾವೆಯಿಲ್ಲವೋ ಆ ಸಾಲು ಖಾಲಿಯೇ ಇರಲಿ.

ಕೋಲಾರ ಚಿನ್ನದ ಗಣಿ ಪ್ರದೇಶವನ್ನೇ (ಕೆಜಿಎಫ್) ಉದಾಹರಣೆಗೆ ತೆಗೆದುಕೊಂಡಿದ್ದೇವೆ. ಚಾಂಪಿಯನ್ ರೀಫ್ಸ್‌ನಲ್ಲಿ ‘ಅವರ್ ಲೇಡಿ ಆಫ್ ವಿಕ್ಟರೀಸ್’ ಚರ್ಚಿದೆ. ಇಲ್ಲಿನ ಕಥೋಲಿಕರ ಚರಿತ್ರೆಗೂ ಗಣಿಯ ಚರಿತ್ರೆಗೂ ಇರುವ ನಂಟು ಬಿಡಿಸಲಾಗದ್ದು. ಬೇರೆ ಊರುಗಳಲ್ಲಿ ಊರು ಮೊದಲು, ಚರ್ಚು ಆಮೇಲೆ. ಇಲ್ಲಿ ಶಾಫ್ಟ್, ಅಂದರೆ ಗಣಿಗೆ ಇಳಿಯುವ ಬಾವಿ ಮೊದಲು, ಅದರ ಪಕ್ಕ ಕೂಲಿ ಲೈನು, ಅಂದರೆ ಕಾರ್ಮಿಕರ ಸಾಲುಮನೆಗಳು, ಆಮೇಲೆ ಚರ್ಚು. ಲೈನು ಖಾಲಿಯಾದರೆ ಚರ್ಚೂ ಬರಿದಾಗುತ್ತದೆ.

ಮೊದಲು ಬೇಲಿ ಹಾಕಿ

ಸಂದೇಹವಿಲ್ಲದ ಹೊರಗಿನ ಇಸವಿಗಳ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿಕೊಳ್ಳಿ. ಕೇಳಿಬಂದ ಪ್ರತಿಯೊಂದು ಕತೆಯನ್ನೂ ಇದಕ್ಕೆ ತಾಗಿಸಿ ನೋಡಬೇಕು.

ಐರಿಷ್ ಮೂಲದ ಮಾಜಿ ಸೈನಿಕ ಮೈಕೆಲ್ ಲವೆಲ್‌ಗೆ ಇಲ್ಲಿ ಗಣಿಗಾರಿಕೆಯ ಹಕ್ಕು ಸಿಕ್ಕಿದ್ದು 1875ರಲ್ಲಿ. ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಕಾಲಿಟ್ಟಿತು. ಆ ದಶಕದ ನಡುವಿನಲ್ಲಿ ಚಾಂಪಿಯನ್ ಲೋಡ್ ಎಂಬ ಚಿನ್ನದ ಅದಿರಿನ ಪದರ ಕೈಗೆ ಹತ್ತಿದ ಮೇಲಷ್ಟೇ ಜನ ಸಾವಿರಗಟ್ಟಲೆ ಬರತೊಡಗಿದರು. ಬೌರಿಂಗ್‌ಪೇಟೆ ಎಂದಿದ್ದ ಇಂದಿನ ಬಂಗಾರಪೇಟೆಯಿಂದ ಗಣಿಗೆ ರೈಲು ಬಂದದ್ದು 1894. ಶಿವನಸಮುದ್ರದ ವಿದ್ಯುತ್ ಬಂದದ್ದು 1902. ಗಣಿಗಳನ್ನು ಮೈಸೂರು ಸರ್ಕಾರ ವಹಿಸಿಕೊಂಡದ್ದು 1956, ಕೇಂದ್ರ ಸರ್ಕಾರಕ್ಕೆ ಹೋದದ್ದು 1962, ಭಾರತ್ ಗೋಲ್ಡ್ ಮೈನ್ಸ್ ಆದದ್ದು 1972, ಬಾಗಿಲು ಮುಚ್ಚಿದ್ದು 2001ರ ಫೆಬ್ರವರಿ 28.

ಧರ್ಮಸಭೆಯ ಕಡೆಯಿಂದ ಇನ್ನಷ್ಟು ಇಸವಿಗಳು: ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು ನಡೆಸುತ್ತಿದ್ದ ಮೈಸೂರು ಮಿಷನ್ 1886ರಲ್ಲಿ ಧರ್ಮಪ್ರಾಂತ್ಯವಾಯಿತು (ಒಬ್ಬ ಧರ್ಮಾಧ್ಯಕ್ಷರ ಆಡಳಿತದ ವ್ಯಾಪ್ತಿ). ಬೆಂಗಳೂರು ಧರ್ಮಪ್ರಾಂತ್ಯ ಬೇರೆಯಾದದ್ದು 1940ರ ಫೆಬ್ರವರಿ 13. ಅದು ಮಹಾಧರ್ಮಪ್ರಾಂತ್ಯವಾದದ್ದು 1953.

ಬೇಲಿಯ ಉಪಯೋಗ ಹೀಗೆ: “ನಮ್ಮ ಗಂಟೆ 1888ರಲ್ಲಿ ರೈಲಿನಲ್ಲಿ ಚಾಂಪಿಯನ್ ಸ್ಟೇಷನ್ನಿಗೆ ಬಂತು” ಎಂದು ಹಳೆಯ ಸಂಚಿಕೆಯಲ್ಲಿದ್ದರೆ ಒಂದೋ ಇಸವಿ ತಪ್ಪು, ಇಲ್ಲವೇ ರೈಲು ತಪ್ಪು. “ಮೊದಲ ಕ್ರಿಸ್ಮಸ್ಸಿಗೇ ಕರೆಂಟ್ ದೀಪ” ಎಂಬುದೂ ಅಷ್ಟೇ, 1902ರ ಹಿಂದಿನದೆಂದರೆ ಅನುಮಾನಿಸಿ. 1910ರ ಪತ್ರದಲ್ಲಿ “ಮೈಸೂರಿನ ಧರ್ಮಾಧ್ಯಕ್ಷರು” ಎಂದಿದ್ದರೆ ಮೈಸೂರು ನಗರಕ್ಕೆ ಹುಡುಕಿಕೊಂಡು ಹೋಗಬೇಡಿ. ಆಗ ಅವರ ಪೀಠವಿದ್ದದ್ದು ಬೆಂಗಳೂರಿನಲ್ಲೇ.

ಲವೆಲ್ ಐರಿಷ್ ಎಂದ ಮಾತ್ರಕ್ಕೆ ಅವನೇ ಚರ್ಚು ಕಟ್ಟಿಸಿದ ಎಂದು ಬರೆದುಬಿಡುವ ಚಪಲ ಹಲವರಿಗಿದೆ. ಅವನ ಹೆಸರು ನಿಮ್ಮ ಪುಸ್ತಕದಲ್ಲಿ ಕಾಣದ ಹೊರತು ಅವನನ್ನು ಎಳೆದು ತರಬೇಡಿ.

ದಾಖಲೆ ಪುಸ್ತಕವೇ ಬೆನ್ನೆಲುಬು

ಗುರುಗಳ ಬೀರುವಿನಲ್ಲಿ ಇರಬೇಕಾದವು ಜ್ಞಾನಸ್ನಾನ (ಬ್ಯಾಪ್ಟಿಸಂ), ದೃಢೀಕರಣ (ಕನ್ಫರ್ಮೇಷನ್), ಮದುವೆ, ಮರಣ ಇವುಗಳ ಪುಸ್ತಕಗಳು, ಜೊತೆಗೆ ಮನೆಮನೆಯ ಜನರ ಲೆಕ್ಕದ ಪುಸ್ತಕ. 1614ರ ರೋಮನ್ ವಿಧಿಗ್ರಂಥ ಈ ಐದನ್ನೂ ಹೇಳಿತ್ತು, 1917ರ ಧರ್ಮಸಭಾ ಕಾನೂನು ಅದನ್ನೇ ಬಿಗಿ ಮಾಡಿತು. ಐದನೆಯದು ಎಲ್ಲ ಕಡೆ ಉಳಿದಿರುವುದಿಲ್ಲ. ಸಿಕ್ಕರೆ ಅದೃಷ್ಟ, ಯಾವ ಲೈನಿನಲ್ಲಿ ಎಷ್ಟು ಕುಟುಂಬ ಎಂಬುದು ಅದರಲ್ಲೇ ತಿಳಿಯುತ್ತದೆ. ವರ್ಷಕ್ಕೊಮ್ಮೆ ನಕಲು ಮೇಲಿನ ಕಚೇರಿಗೆ ಹೋಗಬೇಕೆಂಬ ನಿಯಮ 1917ರ ಕಾನೂನಿನಲ್ಲಿತ್ತು. ಹಾಗಾಗಿ ಇಲ್ಲಿ ಗೆದ್ದಲು ತಿಂದ ವರ್ಷವನ್ನು ಬೆಂಗಳೂರಿನಲ್ಲಿ ಕೇಳಿ ನೋಡಬಹುದು.

ಓದಲು ಧರ್ಮಕೇಂದ್ರದ ಗುರುಗಳ ಒಪ್ಪಿಗೆ ಲಿಖಿತವಾಗಿ ಬೇಕು. ಪುಸ್ತಕ ಕಚೇರಿಯಿಂದ ಆಚೆ ಹೋಗಕೂಡದು, ಝೆರಾಕ್ಸ್ ಅಂಗಡಿಗಂತೂ ಬೇಡವೇ ಬೇಡ. ಗಾಜಿಗೆ ಒತ್ತಿದ ಹಳೆಯ ಪುಸ್ತಕದ ಬೆನ್ನು ಮುರಿಯುತ್ತದೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು. ಬಟ್ಟೆಯ ಕೈಗವಸು ಹಾಕಿದರೆ ಹಾಳೆಯ ಅಂಚು ಗೊತ್ತಾಗದೆ ಹರಿಯುವುದೇ ಹೆಚ್ಚು. ಮೇಜಿನ ಮೇಲೆ ಪೆನ್ನಿಗೆ ಜಾಗವಿಲ್ಲ, ಪೆನ್ಸಿಲ್ ಮಾತ್ರ. ಎರಡು ಕಡೆ ಸುತ್ತಿದ ಟವೆಲ್ ಇಟ್ಟು ಪುಸ್ತಕವನ್ನು ಅರ್ಧವಷ್ಟೇ ತೆರೆಯಿರಿ. ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ, ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕಿನಲ್ಲಿ ಒಂದೊಂದು ಪುಟ ತೆಗೆಯಿರಿ. ಮೊದಲ ಚಿತ್ರ ಪುಸ್ತಕದ ರಟ್ಟಿನದಾಗಿರಲಿ, ಖಾಲಿ ಪುಟವನ್ನೂ ಬಿಡಬೇಡಿ. ಬಿಟ್ಟರೆ ಆರು ತಿಂಗಳ ನಂತರ “ಈ ಪುಟ ಇರಲಿಲ್ಲವೋ, ನಾವೇ ಹಾರಿಸಿದೆವೋ” ಎಂಬ ಅನುಮಾನ ಕಾಡುತ್ತದೆ. ಹರಿದ ಕಡೆ ಸೆಲ್ಲೋಟೇಪ್ ಹಾಕಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಹಳೆಯ ಕಬ್ಬಿಣದ ಶಾಯಿ ತಾನಾಗಿಯೇ ಕಾಗದವನ್ನು ಸುಡುತ್ತಿರುತ್ತದೆ, ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಟ್ಟರೆ ಆಮೇಲೆ ಬಿಡಿಸಿ ಸರಿಪಡಿಸುವುದಕ್ಕೂ ದಾರಿಯಿರುವುದಿಲ್ಲ.

ಈಗ ಓದುವ ಕೆಲಸ. ಭಾಷೆ ಲ್ಯಾಟಿನ್, ಆದರೆ ಹೆದರಬೇಕಿಲ್ಲ. ಹತ್ತಿಪ್ಪತ್ತು ಪದ ಗೊತ್ತಾದರೆ ಬಹುಪಾಲು ಸಾಲು ಬಿಡಿಸಿಕೊಳ್ಳುತ್ತವೆ. ಮಾದರಿಗೆಂದು ನಾವೇ ಜೋಡಿಸಿದ ಒಂದು ನಮೂದು ನೋಡಿ:

“ಆನ್ನೊ ದೋಮಿನಿ 1896, ದಿಯೆ 14 7ಬ್ರಿಸ್, ಎಗೊ ಇನ್ಫ್ರಾಸ್ಕ್ರಿಪ್ತುಸ್ ಬಾಪ್ತಿಜಾವಿ ಮರಿಯಾಮ್, ನಾತಾಮ್ ದಿಯೆ 9 ಎಯುಸ್ದೆಮ್ ಮೆನ್ಸಿಸ್, ಫೀಲಿಯಾಮ್ ಲೆಜಿತಿಮಾಮ್ ಸವೇರಿಮೂತ್ತು ಎತ್ ಆರೋಕಿಯಂ ಕೊನ್ಯುಗುಮ್. ಪತ್ರೀನಿ ಫುಯೆರುಂತ್ ರಾಯಪ್ಪೆನ್ ಎತ್ ಸುಸನ್ನಾಳ್.”

ಅಂದರೆ: 1896ರ ಆ ತಿಂಗಳ 14ರಂದು, ಕೆಳಗೆ ಸಹಿ ಹಾಕಿದ ನಾನು, ಅದೇ ತಿಂಗಳ 9ರಂದು ಹುಟ್ಟಿದ, ಸವರಿಮುತ್ತು ಮತ್ತು ಆರೋಗ್ಯಂ ದಂಪತಿಗಳ ಮಗಳು ಮರಿಯಳಿಗೆ ಜ್ಞಾನಸ್ನಾನ ಕೊಟ್ಟೆ. ಜ್ಞಾನತಂದೆ ರಾಯಪ್ಪನ್, ಜ್ಞಾನತಾಯಿ ಸುಸನ್ನಾಳ್.

‘ಆ ತಿಂಗಳು’ ಯಾವುದು? ಇಲ್ಲಿಯೇ ಹೊಸಬರು ಜಾರಿ ಬೀಳುವುದು. 7 ಎಂದಿದೆಯಲ್ಲ, ಜುಲೈ ಇರಬೇಕು ಎನ್ನುತ್ತಾರೆ. ಅಲ್ಲ. ಲ್ಯಾಟಿನ್ನಿನಲ್ಲಿ ಸೆಪ್ತೆಮ್ ಅಂದರೆ ಏಳು, 7ಬ್ರಿಸ್ ಅಂದರೆ ಸೆಪ್ಟೆಂಬರ್. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತರ ಗುರುತು ಇದ್ದರೆ ಡಿಸೆಂಬರ್. ಇದೊಂದು ತಪ್ಪಿದರೆ ಕೆಲವರು ಹುಟ್ಟುವ ಮೊದಲೇ ಜ್ಞಾನಸ್ನಾನ ಪಡೆದಿರುತ್ತಾರೆ. ಇನ್ನೊಂದು ಗುಂಡಿ ವಯಸ್ಸಿನದು. ಮರಣ ಪುಸ್ತಕದಲ್ಲಿ “ಆನ್ನೊ ಎತಾತಿಸ್ 30” ಎಂದಿದ್ದರೆ ಮೂವತ್ತನೆಯ ವರ್ಷ ನಡೆಯುತ್ತಿತ್ತು ಎಂದರ್ಥ, ತುಂಬಿದ್ದು 29. “ಆನ್ನೋರುಮ್ 30” ಎಂದಿದ್ದರೆ ಮಾತ್ರ ಮೂವತ್ತು.

ಹೆಸರುಗಳ ಗೋಜಲು

ಗಣಿಗೆ ಬಂದ ಕೂಲಿಗಳಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯ ತಮಿಳು, ತೆಲುಗು ಮಾತಿನವರು. ಬರೆದವರು ಫ್ರೆಂಚರು. ಅವರ ಕಿವಿಗೆ ಕೇಳಿದ್ದನ್ನು ಅವರ ಕಾಗುಣಿತದಲ್ಲಿ ಇಳಿಸಿದ್ದಾರೆ. ಫ್ರೆಂಚಿನಲ್ಲಿ ‘ಓ-ಯು’ ಎರಡಕ್ಷರ ಸೇರಿದರೆ ನಮ್ಮ ಉಕಾರ, ‘ಸಿ-ಎಚ್’ ಇದ್ದರೆ ಶ, ‘ಟಿ-ಸಿ-ಎಚ್’ ಇದ್ದರೆ ಚ. ಇಂಗ್ಲಿಷಿನಂತೆ ಓದಿದರೆ ಮುತ್ತು ‘ಮೌಟ್ಟೌ’ ಆಗಿಬಿಡುತ್ತಾನೆ.

ಕೆಲವರು ಹೆಸರನ್ನು ಲ್ಯಾಟಿನ್ನಿಗೇ ತಿರುಗಿಸಿ ಬರೆದಿರುತ್ತಾರೆ. ಆಗ ಒಬ್ಬನೇ ಮನುಷ್ಯ ಜ್ಞಾನಸ್ನಾನದಲ್ಲಿ ಪೇತ್ರುಸ್, ಮದುವೆಯಲ್ಲಿ ರಾಯಪ್ಪ. ಪೌಲುಸ್ ಅಂದರೆ ಚಿನ್ನಪ್ಪ, ಯೊಹಾನ್ನೆಸ್ ಅಂದರೆ ಅರುಳಪ್ಪ, ಯಾಕೋಬುಸ್ ಅಂದರೆ ಯಾಗಪ್ಪ, ಯೋಸೆಫುಸ್ ಅಂದರೆ ಸೂಸೈ, ಇಗ್ನಾಸಿಯುಸ್ ಅಂದರೆ ಇನ್ನಾಸಿ ಅಥವಾ ಇನ್ನಾಸಪ್ಪ, ಅಲೋಯ್ಸಿಯುಸ್ ಅಂದರೆ ಜ್ಞಾನಪ್ರಕಾಶಂ, ಕ್ಸವೇರಿಯುಸ್ ಅಂದರೆ ಸವರಿ. ಕನ್ನಡ ಮನೆಗಳಲ್ಲಿ ಚೌರಪ್ಪ. ಈ ಪಟ್ಟಿ ಬಳಿಯಿಲ್ಲದೆ ಕುಟುಂಬಗಳನ್ನು ಜೋಡಿಸಲು ಹೋದರೆ ಇಬ್ಬರಿಗೆ ಒಬ್ಬ, ಒಬ್ಬನಿಗೆ ಇಬ್ಬರಾಗುತ್ತಾರೆ. ಗಣಕದ ಹಾಳೆಯಲ್ಲಿ ಹೆಸರಿಗೆ ಎರಡು ಅಂಕಣ ಇಡಿ: ಒಂದರಲ್ಲಿ ಪುಸ್ತಕದಲ್ಲಿದ್ದದ್ದು ಇದ್ದಂತೆ, ಇನ್ನೊಂದರಲ್ಲಿ ನೀವು ಓದಿಕೊಂಡದ್ದು. ಮೊದಲನೆಯದನ್ನು ಯಾವತ್ತೂ ತಿದ್ದಬೇಡಿ. ಉಳಿದ ಅಂಕಣಗಳು ಪುಸ್ತಕ, ಪುಟ, ಕ್ರಮಸಂಖ್ಯೆ, ದಿನಾಂಕ, ತಂದೆ, ತಾಯಿ, ವಿಳಾಸ, ಗುರುವಿನ ಸಹಿ, ಅಂಚಿನ ಟಿಪ್ಪಣಿ.

ಗುರುವಿನ ಸಹಿಯ ಅಂಕಣ ಬೇಡವೆನ್ನಿಸಬಹುದು. ಆದರೆ ಗುರುಗಳ ಪಟ್ಟಿ ಸರಿಯಾಗಿ ಸಿಗುವುದು ಅಲ್ಲಿಂದಲೇ. ಚರ್ಚಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ ಫಲಕಗಳು ನೆನಪಿನಿಂದ ಬರೆದವು. ಒಬ್ಬರು ಆರು ತಿಂಗಳು ಬದಲಿಯಾಗಿ ಬಂದದ್ದು ಅದರಲ್ಲಿ ಇರುವುದಿಲ್ಲ. ಸಹಿಯ ಮೊದಲ ಮತ್ತು ಕೊನೆಯ ದಿನಾಂಕ ತೆಗೆದರೆ ಫಲಕ ಎಲ್ಲೆಲ್ಲಿ ತಪ್ಪಿದೆ ಎಂಬುದು ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ.

ಅಂಚಿನ ಟಿಪ್ಪಣಿಯ ಕತೆಯೇ ಬೇರೆ. 1908ರ ಈಸ್ಟರ್‌ನಿಂದ ಜಾರಿಗೆ ಬಂದ ರೋಮಿನ ಆಜ್ಞೆಯ ಪ್ರಕಾರ, ಮದುವೆ ಎಲ್ಲೇ ನಡೆಯಲಿ, ಅದನ್ನು ಜ್ಞಾನಸ್ನಾನವಾದ ಊರಿನ ಪುಸ್ತಕದಲ್ಲಿ ಅಂಚಿಗೆ ಬರೆಯಬೇಕು. ಹಾಗಾಗಿ 1890ರಲ್ಲಿ ಹುಟ್ಟಿದ ಮಗುವಿನ ಪಕ್ಕ 1912ರ ಬೇರೆ ಊರಿನ ಹೆಸರು ಇರಬಹುದು. ಈ ಅಂಚುಗಳನ್ನಷ್ಟೇ ತೆಗೆದು ದಶಕವಾರು ಎಣಿಸಿ. ಮಕ್ಕಳು ಮದುವೆಯಾಗಿ ಎಲ್ಲಿಗೆ ಹೋದರು, ಗಣಿ ಮುಚ್ಚುವ ಮೊದಲೇ ಊರು ಬೆಂಗಳೂರಿನತ್ತ ಸರಿಯತೊಡಗಿತ್ತೇ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ. ಬಹುತೇಕ ಸಂಚಿಕೆಗಳು ಇದನ್ನು ಮುಟ್ಟುವುದೇ ಇಲ್ಲ.

ಸಾವುಗಳನ್ನು ಗಣಿಯ ವರದಿಗೆ ಹೊಂದಿಸುವುದು

ಮರಣ ಪುಸ್ತಕವನ್ನು ತಿಂಗಳುವಾರು ಎಣಿಸಿದಾಗ ಕೆಲವು ಕಡೆ ಅಂಕಿ ಥಟ್ಟನೆ ಏರುತ್ತದೆ. ಒಂದೇ ದಿನ ನಾಲ್ಕೈದು ಗಂಡಸರು, ಎಲ್ಲರೂ ಪ್ರಾಯದವರು, “ಸುಬಿತಾನೆಯಾ ಮೊರ್ತೆ” ಅಂದರೆ ಹಠಾತ್ ಸಾವು ಎಂದಿದ್ದರೆ, ಅಥವಾ “ಫೋದೀನಾ” ಎಂಬ ಪದ, ಅಂದರೆ ಗಣಿ, ಕಂಡರೆ ಅಪಘಾತವಾಗಿರುವ ಸಾಧ್ಯತೆ ಹೆಚ್ಚು. ಆಳದ ಬಂಡೆ ಒತ್ತಡ ತಾಳದೆ ಸಿಡಿಯುವುದನ್ನು ಇಲ್ಲಿ ಹಿಂದೆ ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದರು, ಆಮೇಲೆ ರಾಕ್ ಬರ್ಸ್ಟ್ ಎಂಬ ಹೆಸರು ಬಂತು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ ಹೋದ ಗಣಿ. ಆಳ ಹೆಚ್ಚಿದಷ್ಟೂ ಬಂಡೆಯ ಮೇಲಿನ ಒತ್ತಡವೂ ಹೆಚ್ಚು. ಹಳೆಯ ಸರ್ಕಾರಿ ವರದಿಗಳಲ್ಲಿ ‘ಏರ್ ಬ್ಲಾಸ್ಟ್’ ಎಂಬ ಪದವನ್ನೇ ಹುಡುಕಿ, ಇಲ್ಲದಿದ್ದರೆ ಏನೂ ಸಿಗುವುದಿಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಶುರುವಾಯಿತು. ಅದರ ಮತ್ತು ಸಂಸ್ಥಾನದ ಆಡಳಿತ ವರದಿಗಳನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೇಳಿ.

ಎಲ್ಲ ಏರಿಕೆಯೂ ಗಣಿಯದಲ್ಲ. ಹೆಂಗಸರು ಮಕ್ಕಳು ಸೇರಿ ವಾರಗಟ್ಟಲೆ ಸತ್ತಿದ್ದರೆ ಅದು ಕಾಯಿಲೆ. 1898ರ ನಂತರದ ಪ್ಲೇಗ್ ವರ್ಷಗಳನ್ನೂ 1918ರ ಇನ್‌ಫ್ಲುಯೆಂಜಾವನ್ನೂ ಮೊದಲು ನೋಡಿ. ನಲವತ್ತರ ಆಸುಪಾಸಿನ ಗಂಡಸರ ಸಾವಿಗೆ ‘ಕ್ಷಯ’ ಎಂದು ಬರೆದದ್ದು ಕಂಡಾಗ ಅದು ಕಲ್ಲುಧೂಳಿನ ಸಿಲಿಕೋಸಿಸ್ ಇರಬಹುದೆಂಬ ಊಹೆ ಸಹಜ, ನ್ಯಾಯವೂ ಹೌದು. ಆದರೆ ಪುಸ್ತಕದಲ್ಲಿದ್ದ ಪದ ಬದಲಿಸಬೇಡಿ. ಊಹೆಯನ್ನು ಊಹೆಯೆಂದೇ ಬರೆಯಿರಿ.

ಇನ್ನೊಂದು ಎಚ್ಚರಿಕೆ. ಗಣಿಯಲ್ಲಿ ಸತ್ತ ಎಲ್ಲರೂ ನಿಮ್ಮ ಪುಸ್ತಕದಲ್ಲಿ ಇರುವುದಿಲ್ಲ. ಹಿಂದೂಗಳು, ಮುಸ್ಲಿಮರು, ಪ್ರಾಟೆಸ್ಟೆಂಟರು ಅದರ ಹೊರಗೆ. ಹೀಗಾಗಿ “ಆ ದುರಂತದಲ್ಲಿ ಆರು ಮಂದಿ ಸತ್ತರು” ಎಂದು ಬರೆಯದೆ “ನಮ್ಮ ಧರ್ಮಕೇಂದ್ರದ ಆರು ಮಂದಿ” ಎಂದು ಬರೆಯಿರಿ.

ಸಮಾಧಿಗಳು

ಗಣಿಯ ಬಿಳಿಯರೆಲ್ಲ ಕಥೋಲಿಕರಲ್ಲ. ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರಲ್ಲಿ ಮೆಥಡಿಸ್ಟರೇ ಹೆಚ್ಚು, ಆಂಗ್ಲಿಕನ್ನರಿಗೆ ಊರಗಾಂನಲ್ಲಿ ತಮ್ಮದೇ ಚರ್ಚಿತ್ತು. ಕಥೋಲಿಕರನ್ನು ಐರಿಷರಲ್ಲಿ, ಇಟಲಿಯಿಂದ ಬಂದ ಕೆಲಸಗಾರರಲ್ಲಿ, ಆಂಗ್ಲೋ ಇಂಡಿಯನ್ನರಲ್ಲಿ ಹುಡುಕಬೇಕು. ಕಲ್ಲಿನ ಮೇಲೆ “ಕ್ವಿ ರಿಪೋಜಾ” ಎಂದಿದ್ದರೆ ಅದು ಇಟಾಲಿಯನ್, ‘ಇಲ್ಲಿ ವಿಶ್ರಮಿಸಿದ್ದಾನೆ’ ಎಂದರ್ಥ.

ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಅದಿರಿನ ಪುಡಿಯ ಗುಡ್ಡೆಗಳ, ಸಣ್ಣ ಧೂಳು ಗಾಳಿಗೆ ಎದ್ದು ಕೊರೆದ ಅಕ್ಷರಗಳೊಳಗೆ ಕೂರುತ್ತದೆ. ಮೃದುವಾದ ಬ್ರಷ್ ಮತ್ತು ಬರೀ ನೀರು ಸಾಕು. ತಂತಿ ಬ್ರಷ್, ಆಸಿಡ್, ಸುಣ್ಣ, ಸೀಮೆಸುಣ್ಣ ಯಾವುದೂ ಬೇಡ. ಓದಲಾಗದಿದ್ದರೆ ಬೆಳಿಗ್ಗೆ ಎಂಟಕ್ಕೋ ಸಂಜೆ ಐದಕ್ಕೋ ಹೋಗಿ. ಓರೆ ಬಿಸಿಲಿಗೆ ಅಕ್ಷರದ ನೆರಳು ಏಳುತ್ತದೆ. ಆ ಹೊತ್ತು ತಪ್ಪಿದರೆ ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಹಾಯಿಸಿ. ಜೊತೆಗೆ ತಮಿಳು ಓದಬಲ್ಲವರೊಬ್ಬರು ಇರಲೇಬೇಕು.

ಕಟ್ಟಡ ಹೇಳುವುದು, ಹೇಳದಿರುವುದು

ಒಳಗೆ ಗೋಡೆಯ ಮೇಲೆ 12 ಶಿಲುಬೆ ಗುರುತುಗಳು, ಅವುಗಳ ಬಳಿ ಮೇಣದಬತ್ತಿ ಹಿಡಿಕೆಗಳು ಇವೆಯೇ ನೋಡಿ. ಇದ್ದರೆ ಧರ್ಮಾಧ್ಯಕ್ಷರು ತೈಲ ಹಚ್ಚಿ ಪೂರ್ಣವಿಧಿಯಲ್ಲಿ ಪ್ರತಿಷ್ಠಾಪಿಸಿದ ಚರ್ಚು ಅದು. ಇಲ್ಲದಿದ್ದರೆ ಬಹುಶಃ ಬರೀ ಆಶೀರ್ವಾದ. ಎರಡಕ್ಕೂ ‘ಉದ್ಘಾಟನೆ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ.

ಗಂಟೆಯ ಮೇಲಿನ ಇಸವಿ ಅಚ್ಚು ಹೊಯ್ದದ್ದು, ಕಟ್ಟಿದ್ದಲ್ಲ. ಹಂಚು ತೆಗೆದು ಹಿಂಬದಿ ನೋಡಿದರೆ ಕಾರ್ಖಾನೆಯ ಮುದ್ರೆ ಇರುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚು ಮಾಡತೊಡಗಿದ್ದೇ 1865ರಲ್ಲಿ. ಮುದ್ರೆ ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ ಹೇಳೀತು, ಯಾಕೆಂದರೆ ಹಂಚು ಒಂದು ಛಾವಣಿಯಿಂದ ಇನ್ನೊಂದಕ್ಕೆ ಸಾಗುವ ವಸ್ತು. ಕಬ್ಬಿಣದ ತೊಲೆಗಳಲ್ಲಿ ತಯಾರಕರ ಹೆಸರು ಉಬ್ಬಿರುತ್ತದೆ, ಅದನ್ನೂ ಚಿತ್ರ ತೆಗೆಯಿರಿ. ಗಣಿಯ ಹಳೆಯ ಕಂಬಿ ತೊಲೆಯಾಗಿ ಬಂದಿದೆಯೇ ಗಮನಿಸಿ. ಗೋಡೆಯಲ್ಲಿ ನೇರ ಲಂಬ ಸೀಳು ಕಂಡರೆ ಎರಡೂ ಬದಿಯ ಇಟ್ಟಿಗೆಯನ್ನು ಹತ್ತು ಕಡೆ ಅಳೆಯಿರಿ. ಅಳತೆ ಬೇರೆಯಿದ್ದರೆ ಒಂದು ಬದಿ ಆಮೇಲೆ ಸೇರಿಸಿದ್ದು. ಅಳತೆ ಒಂದೇ ಆಗಿದ್ದು ಬಿರುಕು ಓರೆಯಾಗಿದ್ದರೆ ನೆಲ ಕುಸಿದಿರಬಹುದು ಅಥವಾ ಬಂಡೆ ಸಿಡಿತದ ನಡುಕ ತಾಗಿರಬಹುದು. ಆಮೇಲೆ ಹಾಕಿದ ಕಬ್ಬಿಣದ ಸರಳು, ಹೊರಗೋಡೆಯ ಮೇಲಿನ ಬಿಲ್ಲೆ ಇದ್ದರೆ ದುರಸ್ತಿಯ ಲೆಕ್ಕ ಎಲ್ಲೋ ಇದ್ದೇ ಇರುತ್ತದೆ, ಹುಡುಕಿ.

ಬಲಿಪೀಠ ಗೋಡೆ ಬಿಟ್ಟು ಮುಂದೆ ಬಂದಿದ್ದರೆ ಅದು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರದ ಬದಲಾವಣೆ, 1965ರಿಂದ ಈಚಿನದು ಎಂದಿಟ್ಟುಕೊಳ್ಳಬಹುದು. ಆಗಲೇ ಹಳೆಯ ಕಟಕಟೆ, ಮರದ ಕೆತ್ತನೆ ಕಿತ್ತಿರುತ್ತಾರೆ. ಅವು ಗೋದಾಮಿನಲ್ಲಿ ಬಿದ್ದಿವೆಯೇ ವಿಚಾರಿಸಿ.

ಚರ್ಚಿನ ಬಿರುದೂ ಒಂದು ದಾಖಲೆ. ‘ವಿಜಯದ ಮಾತೆ’ ಎಂಬುದು 1571ರ ಅಕ್ಟೋಬರ್ 7ರ ಲೆಪಾಂಟೊ ಕದನದ ನೆನಪಿಗೆ ಐದನೆಯ ಪಯಸ್ ಜಗದ್ಗುರು (ಪೋಪ್) ತಂದ ಹಬ್ಬ, ಎರಡೇ ವರ್ಷದಲ್ಲಿ ಜಪಸರ ಮಾತೆಯ ಹಬ್ಬವಾಯಿತು. ಪ್ಯಾರಿಸ್ಸಿನಲ್ಲಿ ಇದೇ ಹೆಸರಿನ ಪ್ರಸಿದ್ಧ ಚರ್ಚಿದೆ. ಫ್ರೆಂಚ್ ಗುರುಗಳು ಅಲ್ಲಿಂದ ಹೆಸರು ತಂದರೆಂದು ಬರೆಯುವ ಆಸೆಯಾಗುತ್ತದೆ. ಪತ್ರ ಸಿಗುವವರೆಗೆ ತಡೆಯಿರಿ.

ನೆಲ ಯಾರದು?

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಗಣಿ ಊರಿನಲ್ಲಿ ಕೇಳಲೇಬೇಕಾದದ್ದು ಇದೇ. ಗಣಿ ಪ್ರದೇಶದ ನೆಲ ಸಂಸ್ಥಾನದ್ದು, ಕಂಪನಿಗೆ ಗುತ್ತಿಗೆ. ಅದರ ಮೇಲೆ ಎದ್ದ ಚರ್ಚು ಕಂಪನಿಯ ಅನುಮತಿಯ ಮೇಲೆ ನಿಂತದ್ದು. ಬೀರುವಿನ ಕೆಳಗಿನ ಅರೆಯಲ್ಲಿ ದಾರ ಕಟ್ಟಿದ ಪತ್ರವ್ಯವಹಾರದ ಕಡತ ಇದ್ದರೆ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ. ನೀರಿನ ಕೊಳಾಯಿ, ಶಾಲೆಯ ಅನುದಾನ, ಕಟ್ಟಡಕ್ಕೆ ಕಲ್ಲು, ಉತ್ಸವದ ತೇರು ಯಾವ ರಸ್ತೆಯಲ್ಲಿ ಹೋಗಬಹುದು ಎಂಬಂಥ ಚಿಲ್ಲರೆ ವಿಷಯಗಳೇ ಕಂಪನಿ ಮತ್ತು ಚರ್ಚಿನ ನಿಜವಾದ ಸಂಬಂಧ ಬಿಚ್ಚಿಡುತ್ತವೆ. 1956, 1962, 1972ರಲ್ಲಿ ಮಾಲೀಕರು ಬದಲಾದಾಗ ಅನುಮತಿಯ ಪತ್ರ ಹೊಸದಾಯಿತೇ ನೋಡಿ. ಸರ್ವೆ ನಂಬರು ಸಿಕ್ಕರೆ ಪಹಣಿ ತೆಗೆಸಿ.

ಫ್ರೆಂಚ್ ಗುರುಗಳು ವರ್ಷಕ್ಕೊಮ್ಮೆ ಪ್ಯಾರಿಸ್ಸಿಗೆ ಕಳಿಸುತ್ತಿದ್ದ ವರದಿಗಳು ಅವರ ಸಂಸ್ಥೆಯ ಸಂಗ್ರಹದಲ್ಲಿವೆ. ಅಲ್ಲಿನ ಅಂಕಿ ಉಪಯುಕ್ತ, ವರ್ಣನೆ ಮಾತ್ರ ದಾನಿಗಳಿಗಾಗಿ ಬರೆದದ್ದು ಎಂಬುದನ್ನು ಮರೆಯದೆ ಓದಿ.

ಹಿರಿಯರ ಮಾತು

ಇದು ಕೊನೆಗೆ. ಪುಸ್ತಕ ಓದುವ ಮೊದಲೇ ಹೋದರೆ ಏನು ಕೇಳಬೇಕೆಂದೇ ತಿಳಿಯುವುದಿಲ್ಲ. “ಚರ್ಚಿನ ಬಗ್ಗೆ ಹೇಳಿ ತಾತ” ಎಂದರೆ ಸಂಚಿಕೆಯಲ್ಲಿದ್ದದ್ದನ್ನೇ ಹೇಳುತ್ತಾರೆ. “ನಿಮ್ಮ ಲೈನಿಗೆ ಧರ್ಮಬೋಧನೆಯ ಉಪದೇಶಿ ಯಾರು ಬರುತ್ತಿದ್ದರು, ರಾತ್ರಿ ಪಾಳಿ ಮುಗಿಸಿದವರು ಎಷ್ಟು ಗಂಟೆಯ ಪೂಜೆಗೆ ಹೋಗುತ್ತಿದ್ದರು, ಗಣಿಯ ಸೈರನ್ ಕೇಳಿದಾಗ ಚರ್ಚಿನಲ್ಲಿ ಏನಾಗುತ್ತಿತ್ತು” ಎಂದು ಕೇಳಿ. ಹಿರಿಯರು ಇಸವಿ ಹೇಳಿದರೆ ನಂಬಬೇಡಿ, ‘ಆಗ ನಿಮ್ಮ ದೊಡ್ಡ ಮಗ ಹುಟ್ಟಿದ್ದನೇ’ ಎಂದು ಕೇಳಿ, ಮಗನ ಜ್ಞಾನಸ್ನಾನದ ಪುಟ ತೆಗೆದು ಇಸವಿ ಕಟ್ಟಿ.

ಅಚ್ಚಿಗೆ ಕೊಡುವ ಮೊದಲು ಒಂದು ಕತ್ತರಿ ಕೆಲಸ ಬಾಕಿ ಇರುತ್ತದೆ. ಪುಸ್ತಕಗಳಲ್ಲಿ ಜಾತಿ, ತಂದೆಯ ಹೆಸರಿಲ್ಲದ ಮಗು, ಮದುವೆಗೆ ಬೇಕಾದ ವಿಶೇಷ ಅನುಮತಿಯ ಕಾರಣ ಎಲ್ಲ ದಾಖಲಾಗಿರುತ್ತವೆ. ಆ ಮನೆಗಳವರ ಮೊಮ್ಮಕ್ಕಳು ಇಂದಿಗೂ ಅದೇ ಚರ್ಚಿನ ಬೆಂಚಿನಲ್ಲಿ ಕೂರುತ್ತಾರೆ. ಕಳೆದ ನೂರು ವರ್ಷದ ಯಾವ ನಮೂದನ್ನೂ ಹೆಸರಿನೊಡನೆ ಅಚ್ಚು ಮಾಡಬೇಡಿ, ಎಣಿಕೆ ಮಾತ್ರ ಸಾಕು. ಚಿತ್ರಗಳ ಮೂರು ಪ್ರತಿ ಮಾಡಿ: ಒಂದು ಗುರುಗಳ ಕಚೇರಿಗೆ, ಒಂದು ಮಹಾಧರ್ಮಪ್ರಾಂತ್ಯದ ಪತ್ರಾಗಾರಕ್ಕೆ, ಇನ್ನೊಂದು ಸಮಿತಿಯವರಲ್ಲದ ಯಾರಾದರೊಬ್ಬರ ವಶಕ್ಕೆ.